ಸ್ವಾಪ್ ಫೇಲ್ ಆಯ್ತು, ಗ್ಯಾಸ್ ಹೋಯ್ತು: ಈಗೇನು ಮಾಡಬೇಕು?

ಪ್ರಶ್ನೆ: ಈಥೆರಿಯಂ ಅನ್ನುವ ಕ್ರಿಪ್ಟೊ ಜಾಲದಲ್ಲಿ ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ನಾಣ್ಯ) ಕೊಟ್ಟು ಒಂದು ಸಣ್ಣ ಟೋಕನ್ ಕೊಳ್ಳಲು ಹೊರಟಿದ್ದೆ. ಮೊದಲು 100 ಯುಎಸ್‌ಡಿಟಿಗೆ ಅಪ್ರೂವಲ್ (ನನ್ನ ದುಡ್ಡು ಮುಟ್ಟಲು ಅನುಮತಿ) ಕೊಟ್ಟು ಸ್ವಾಪ್ (ಒಂದು ನಾಣ್ಯ ಕೊಟ್ಟು ಇನ್ನೊಂದು ಪಡೆಯುವ ವಿನಿಮಯ) ಒತ್ತಿದೆ. 'ಫೇಲ್ಡ್' ಅಂತ ಬಂತು, ಗ್ಯಾಸ್ (ಜಾಲದ ಶುಲ್ಕ) ಮಾತ್ರ ಕಟ್ ಆಯ್ತು. ಆಮೇಲೆ ಅಪ್ರೂವಲ್ ಅನ್ನು 200ಕ್ಕೆ ಏರಿಸಲು ಹೋದರೆ ವಾಲೆಟ್ ಸಾವಿರಾರು ರೂಪಾಯಿ ಶುಲ್ಕ ತೋರಿಸಿತು, ಹೆದರಿ ಬಿಟ್ಟೆ. ಕೊನೆಗೆ ಸ್ಲಿಪೇಜ್ (ಬೆಲೆ ಎಷ್ಟರವರೆಗೆ ಜಾರಿದರೂ ಒಪ್ಪುತ್ತೇನೆ ಅನ್ನುವ ಮಿತಿ) 15%ಗೆ ಏರಿಸಿ, ಗ್ಯಾಸ್ ದರ ಇಳಿಸಿ, ಮತ್ತೆ 100ಕ್ಕೇ ಸ್ವಾಪ್ ಹಾಕಿದೆ. ಅದು ನಿನ್ನೆ ರಾತ್ರಿಯಿಂದ 'ಪೆಂಡಿಂಗ್' ಅಂತಲೇ ಕೂತಿದೆ. ಟೆಲಿಗ್ರಾಂ ಗುಂಪಿನಲ್ಲಿ ಕೇಳಿದ್ದಕ್ಕೆ, ಸಪೋರ್ಟ್‌ನವರು ಅಂತ ಹೇಳಿಕೊಂಡ ಒಬ್ಬರು 'ವಾಲೆಟ್ ಸಿಂಕ್' ಮಾಡಿ ಎಂದು ಲಿಂಕ್ ಕಳಿಸಿದ್ದಾರೆ. ನನ್ನ ಯುಎಸ್‌ಡಿಟಿ ಹೋಯಿತೇ? ಮುಂದೇನು ಮಾಡಲಿ?

ಉತ್ತರ: ಬೇರೆಲ್ಲ ಮಾತಿಗೂ ಮುಂಚೆ, ಆ ಲಿಂಕ್ ಒತ್ತಬೇಡಿ. ಫೇಲ್ ಆದ ಸ್ವಾಪ್ ಸರಿಪಡಿಸಲು 'ವಾಲೆಟ್ ಸಿಂಕ್' ಅನ್ನುವ ಕ್ರಮವೇ ಇಲ್ಲ. 'ವ್ಯಾಲಿಡೇಟ್', 'ರೆಕ್ಟಿಫೈ' ಅಂದರೂ ಅದೇ. ಆ ಪುಟ ತೆರೆದರೆ ನಿಮ್ಮ 12 ಅಥವಾ 24 ಪದಗಳ ರಿಕವರಿ ಫ್ರೇಸ್, ಅಂದರೆ ವಾಲೆಟ್‌ನ ಮೂಲ ಕೀಲಿಯನ್ನೇ ಕೇಳುತ್ತದೆ, ಇಲ್ಲವೇ ಏನೋ ಒಂದಕ್ಕೆ ಸಹಿ ಹಾಕಿಸಿಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೂ ವಾಲೆಟ್ ಖಾಲಿ. ಗುಂಪಿನಲ್ಲಿ 'ಸ್ವಾಪ್ ಫೇಲ್ ಆಯ್ತು' ಅಂತ ಯಾರು ಬರೆಯುತ್ತಾರೋ ಅವರ ಇನ್‌ಬಾಕ್ಸ್‌ಗೆ ಇಂಥವರು ಬರುವುದು ಮಾಮೂಲು. ಅದಕ್ಕೆಂದೇ ಕಾದು ಕೂತಿರುತ್ತಾರೆ.

ಈಗ ನಿಮ್ಮ ಪ್ರಶ್ನೆ. ನೀವು ಹೇಳಿದ್ದೆಲ್ಲ ಹಾಗೇ ನಡೆದಿದ್ದರೆ ನಿಮ್ಮ ಯುಎಸ್‌ಡಿಟಿ ಹೋಗಿಲ್ಲ, ನಿಮ್ಮ ವಿಳಾಸದಲ್ಲೇ ಇದೆ. ಈಥೆರಿಯಂನಲ್ಲಿ ಒಂದು ವ್ಯವಹಾರ ಪೂರ್ತಿ ಆಗುತ್ತದೆ, ಇಲ್ಲವೇ ಏನೂ ಆಗುವುದಿಲ್ಲ. ನಿಮ್ಮ ಯುಎಸ್‌ಡಿಟಿ ಹೊರಟು, ಟೋಕನ್ ಬರದೆ, ನಡುವೆ ಎಲ್ಲೋ ಸಿಕ್ಕಿಕೊಳ್ಳುವುದು ಒಂದೇ ಜಾಲದೊಳಗಿನ ಸ್ವಾಪ್‌ನಲ್ಲಿ ಸಾಧ್ಯವಿಲ್ಲ. ಎಲ್ಲಿ ಎಡವಿದರೂ ಅದುವರೆಗೆ ನಡೆದದ್ದೆಲ್ಲ ಮರಳಿ ಮೊದಲಿನ ಸ್ಥಿತಿಗೆ ಬರುತ್ತದೆ. ಇದಕ್ಕೆ ರಿವರ್ಟ್ ಅನ್ನುತ್ತಾರೆ.

ಹಾಗಾದರೆ ಗ್ಯಾಸ್ ಯಾಕೆ ಹೋಯಿತು? ಗ್ಯಾಸ್ ಟೋಕನ್‌ಗೆ ಕೊಡುವ ಬೆಲೆಯಲ್ಲ, ಲೆಕ್ಕ ಮಾಡಿದ ಕೂಲಿ. ಕೇಸು ಸೋತವರಿಗೂ ಕೋರ್ಟ್ ಫೀ ವಾಪಸ್ ಬರುವುದಿಲ್ಲವಲ್ಲ, ಹಾಗೆ. ಒಂದು ಸಮಾಧಾನ ಅಂದರೆ, ಎಷ್ಟು ಕೆಲಸ ನಡೆದು ನಿಂತಿತೋ ಅಷ್ಟಕ್ಕೇ ದುಡ್ಡು. 40,000 ಗ್ಯಾಸ್ ಬಳಸಿ ನಿಂತಿತು, ಆಗಿನ ದರ 10 ಗ್ವೇ (ಒಂದು ಗ್ವೇ ಅಂದರೆ ಈಥೆರಿಯಂನ ನಾಣ್ಯವಾದ ಈಥರ್‌ನ ನೂರು ಕೋಟಿಯಲ್ಲೊಂದು ಭಾಗ) ಇತ್ತು ಅಂದುಕೊಳ್ಳಿ, ಹೋಗಿದ್ದು 0.0004 ಈಥರ್. ಲಿಮಿಟ್‌ನಲ್ಲಿ, ಅಂದರೆ ಈ ವ್ಯವಹಾರಕ್ಕೆ ಹೆಚ್ಚೆಂದರೆ ಇಷ್ಟು ಗ್ಯಾಸ್ ಅಂತ ಇಟ್ಟಿದ್ದರಲ್ಲಿ, ಉಳಿದದ್ದು ನಿಮಗೇ ವಾಪಸ್. 2017ರ ಅಕ್ಟೋಬರ್‌ನಲ್ಲಿ ಬಂದ ಬೈಜಾಂಟಿಯಂ ಅಪ್‌ಗ್ರೇಡ್‌ಗೆ ಮುಂಚೆ ಇಷ್ಟೂ ದಾಕ್ಷಿಣ್ಯ ಇರಲಿಲ್ಲ. ಷರತ್ತು ತಪ್ಪಿ ವ್ಯವಹಾರ ಬಿದ್ದರೆ ಲಿಮಿಟ್‌ನಲ್ಲಿಟ್ಟ ಗ್ಯಾಸ್ ಪೂರ್ತಿ ಸ್ವಾಹಾ ಆಗುತ್ತಿತ್ತು.

ಬಿದ್ದ ಸ್ವಾಪ್, ಹೆದರಿಸಿದ ಶುಲ್ಕ, ಪೆಂಡಿಂಗ್: ನೀವು ಮೂರನ್ನೂ ಒಂದೇ ತೊಂದರೆ ಅಂದುಕೊಂಡಿದ್ದೀರಿ. ಮೂರೂ ಬೇರೆ ಬೇರೆ, ಔಷಧಿಯೂ ಬೇರೆ. ವಾಲೆಟ್ ಪರದೆ ಮಾತ್ರ ನೋಡುತ್ತಿದ್ದರೆ ಇದು ಗೊತ್ತಾಗುವುದಿಲ್ಲ. ಅಲ್ಲಿ ಬರುವ 'ಫೇಲ್ಡ್' ಅನ್ನುವ ಒಂದು ಪದವನ್ನು ನಂಬಿ ಮುಂದಿನ ಗುಂಡಿ ಒತ್ತುವುದು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ವಾಲೆಟ್‌ನ ಆ್ಯಕ್ಟಿವಿಟಿ ಪಟ್ಟಿಯಲ್ಲಿ ಆ ವ್ಯವಹಾರದ ಮೇಲೆ ಒತ್ತಿ, ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ (ಜಾಲದ ವ್ಯವಹಾರಗಳ ಬಹಿರಂಗ ದಾಖಲೆ ತೋರಿಸುವ ತಾಣ) ನೋಡುವ ಆಯ್ಕೆ ಇರುತ್ತದೆ, ಅದರಿಂದ ಈಥರ್‌ಸ್ಕ್ಯಾನ್ ಪುಟಕ್ಕೆ ಹೋಗಿ. ಅಲ್ಲಿ ಮೂರು ಸಾಲು ಸಾಕು. ಮೊದಲನೆಯದು ಸ್ಟೇಟಸ್: ಫೇಲ್ ಆಗಿದ್ದರೆ ಕೆಂಪು ಗುರುತು, ಅದರ ಪಕ್ಕದಲ್ಲಿ ಅಥವಾ ಕೆಳಗೆ ಕಾರಣ. ಎರಡನೆಯದು ಗ್ಯಾಸ್ ಲಿಮಿಟ್ ಎಷ್ಟಿತ್ತು, ಎಷ್ಟು ಬಳಕೆಯಾಯಿತು. ಮೂರನೆಯದು ನಾನ್ಸ್, ಅಂದರೆ ನಿಮ್ಮ ವಿಳಾಸದಿಂದ ಹೊರಟ ಎಷ್ಟನೇ ವ್ಯವಹಾರ ಅನ್ನುವ ಕ್ರಮಸಂಖ್ಯೆ. ಪುಟವೇ ಸಿಗಲಿಲ್ಲವೆಂದರೆ ಅದು ಯಾವ ಬ್ಲಾಕನ್ನೂ ಸೇರಿಲ್ಲ, ಒಂದು ಪೈಸೆಯೂ ಹೋಗಿಲ್ಲ. ಕೆಲವೊಮ್ಮೆ ವಾಲೆಟ್ 'ಫೇಲ್ಡ್' ಅಂದಿದ್ದು ಇಲ್ಲಿ ಹಸಿರಾಗಿ 'ಸಕ್ಸೆಸ್' ಅಂತ ಇರುವುದೂ ಉಂಟು. ಆಗ ಟೋಕನ್ ಬಂದಿದೆ, ಪಟ್ಟಿಯಲ್ಲಿ ಕಾಣುತ್ತಿಲ್ಲ ಅಷ್ಟೆ. ಅದರ ಕಾಂಟ್ರ್ಯಾಕ್ಟ್ (ಜಾಲದ ಮೇಲೆ ಕೂತ ಪ್ರೋಗ್ರಾಂ) ವಿಳಾಸ ಹಾಕಿ ಇಂಪೋರ್ಟ್ ಮಾಡಿಕೊಂಡರೆ ಆಯಿತು.

ನಿಮ್ಮ ಮೊದಲ ಸ್ವಾಪ್‌ನ ಪುಟದಲ್ಲಿ 'ಇನ್‌ಸಫಿಶಿಯೆಂಟ್ ಔಟ್‌ಪುಟ್ ಅಮೌಂಟ್' ಅಥವಾ 'ಟೂ ಲಿಟಲ್ ರಿಸೀವ್ಡ್' ಅಂತ ಇರಬೇಕು. ಒಂದನೆಯದು ಯುನಿಸ್ವಾಪ್ ಅನ್ನುವ ಸ್ವಾಪ್ ತಾಣದ ಎರಡನೇ ಆವೃತ್ತಿಯ ಮಾತು, ಇನ್ನೊಂದು ಮೂರನೇ ಆವೃತ್ತಿಯದು. ಅರ್ಥ ಒಂದೇ: ನೀವು ಒಪ್ಪಿದ್ದಕ್ಕಿಂತ ಕಡಿಮೆ ಟೋಕನ್ ಸಿಗುವಂತಾಯಿತು, ಅದಕ್ಕೆ ನಿಲ್ಲಿಸಿದೆವು. ಜನ ಇದನ್ನು ಬೈಯುತ್ತಾರೆ. ವಾಸ್ತವದಲ್ಲಿ ಇದು ನಿಮ್ಮ ಪರವಾಗಿ ನಿಂತ ಕಾವಲು.

ಲೆಕ್ಕ ಹಾಕಿ ನೋಡೋಣ. ಎರಡನೇ ಆವೃತ್ತಿಯ ಮಾದರಿಯ ಒಂದು ಪೂಲ್‌ನಲ್ಲಿ (ಸ್ವಾಪ್‌ಗೆಂದು ಜನ ಎರಡೂ ನಾಣ್ಯ ಹಾಕಿಟ್ಟ ಕೊಳ) 20,000 ಯುಎಸ್‌ಡಿಟಿ ಮತ್ತು 10,00,000 ಟೋಕನ್ ಇದೆ ಅನ್ನಿ. ಅಲ್ಲಿ ಎರಡೂ ಸಂಖ್ಯೆಗಳ ಗುಣಲಬ್ಧ ಇಳಿಯದ ಹಾಗೆ ಬೆಲೆ ತಾನಾಗಿ ನಿಗದಿಯಾಗುತ್ತದೆ. ಪ್ರತಿ ಸ್ವಾಪ್‌ಗೆ 0.3% ಶುಲ್ಕ, ಅದರ ಬಹುಪಾಲು ಪೂಲ್‌ಗೆ ದುಡ್ಡು ಹಾಕಿದವರಿಗೆ. ನೀವು 100 ಯುಎಸ್‌ಡಿಟಿ ಹಾಕಲು ಹೊರಟಾಗ ಪರದೆ ಸುಮಾರು 4,960 ಟೋಕನ್ ಸಿಗುತ್ತದೆ ಅನ್ನುತ್ತದೆ. ಸ್ಲಿಪೇಜ್ 0.5% ಇಟ್ಟಿದ್ದರೆ 'ಕನಿಷ್ಠ 4,935 ಆದರೂ ಬೇಕು' ಅನ್ನುವ ಷರತ್ತು ನಿಮ್ಮ ವ್ಯವಹಾರದೊಳಗೇ ಬರೆದುಹೋಗುತ್ತದೆ. ಈಥೆರಿಯಂನಲ್ಲಿ 12 ಸೆಕೆಂಡಿಗೊಂದು ಬ್ಲಾಕ್, ಅಂದರೆ ವ್ಯವಹಾರಗಳ ಒಂದು ಕಂತೆ. ಆ ಅಷ್ಟರಲ್ಲಿ ನಿಮಗಿಂತ ಮುಂಚೆ ಇನ್ಯಾರೋ 500 ಯುಎಸ್‌ಡಿಟಿಗೆ ಅದೇ ಟೋಕನ್ ಕೊಂಡರೆ, ನಿಮ್ಮ ಸರದಿ ಬರುವ ಹೊತ್ತಿಗೆ ಸಿಗುವುದು ಸುಮಾರು 4,722. ಷರತ್ತು ಮುರಿಯಿತು, ಸ್ವಾಪ್ ಬಿತ್ತು. ನೋಡಿ, ಬರೀ 500 ಡಾಲರ್ ಖರೀದಿಗೆ ಬೆಲೆ ಹತ್ತಿರ ಹತ್ತಿರ 5% ಅಲ್ಲಾಡಿತು. ಪೂಲ್‌ನಲ್ಲಿ 2 ಕೋಟಿ ಡಾಲರ್ ಇದ್ದಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದ್ದರಿಂದ ಸಣ್ಣ ಟೋಕನ್ ಸ್ವಾಪ್ ಪದೇ ಪದೇ ಬೀಳುತ್ತಿದ್ದರೆ ಮೊದಲು ನೋಡಬೇಕಾದ್ದು ಪೂಲ್‌ನಲ್ಲಿ ದುಡ್ಡೆಷ್ಟಿದೆ ಅನ್ನುವುದನ್ನು. ಸ್ಲಿಪೇಜ್ ಆಮೇಲೆ.

ಇನ್ನು ನೀವು ಇಟ್ಟ ಆ 15%. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ, '4,216 ಟೋಕನ್ ಕೊಟ್ಟರೂ ನನಗೆ ಓಕೆ' ಅಂತ ಬಹಿರಂಗವಾಗಿ ಬರೆದು ಕೊಟ್ಟ ಹಾಗಾಯಿತು. ಬಹಿರಂಗ ಅಂದೆ ಯಾಕೆಂದರೆ, ಬ್ಲಾಕ್ ಸೇರುವ ಮುಂಚೆ ವ್ಯವಹಾರಗಳು ಕಾಯುವ ಜಾಗವನ್ನು ಯಾರು ಬೇಕಾದರೂ ಓದಬಹುದು. ಅದನ್ನೇ ಓದುತ್ತ ಕೂತ ಬಾಟ್‌ಗಳಿವೆ. ನಿಮಗಿಂತ ಮುಂಚೆ ಕೊಂಡು ಬೆಲೆ ಏರಿಸಿ, ನಿಮ್ಮನ್ನು ಏರಿದ ಬೆಲೆಗೆ ಕೊಳ್ಳಗೊಟ್ಟು, ನಿಮ್ಮ ಹಿಂದೆಯೇ ಮಾರಿ ಹೋಗುತ್ತವೆ. ಸ್ಯಾಂಡ್‌ವಿಚ್ ದಾಳಿ ಅನ್ನುವುದು ಇದಕ್ಕೇ. ಸ್ವಾಪ್ 'ಸಕ್ಸೆಸ್' ಆಗುತ್ತದೆ, ಹಸಿರು ಗುರುತೂ ಬೀಳುತ್ತದೆ, ನಿಮ್ಮ ಕೈಗೆ ಬರುವುದು ಮಾತ್ರ ನೀವು ಒಪ್ಪಿದ ಕನಿಷ್ಠದ ಹತ್ತಿರ. ಫೇಲ್ ಆದ ಸ್ವಾಪ್‌ಗಿಂತ ಇಂಥ ಸಕ್ಸೆಸ್ ದುಬಾರಿ. ದೊಡ್ಡ ಟೋಕನ್‌ಗಳಿಗೆ 0.5% ಧಾರಾಳ ಸಾಕು. ಸಣ್ಣದಕ್ಕೆ 1, 2 ಎಂದು ಹಂತ ಹಂತವಾಗಿ ಏರಿಸಿ, ಮೊತ್ತ ಒಡೆದು ಹಾಕಿ. ವ್ಯವಹಾರವನ್ನು ಬಾಟ್‌ಗಳ ಕಣ್ಣಿಗೆ ಬೀಳದಂತೆ ಕಳಿಸುವ ಖಾಸಗಿ ಆರ್‌ಪಿಸಿಗಳೂ (ವಾಲೆಟ್ ಜಾಲವನ್ನು ಮುಟ್ಟುವ ಬಾಗಿಲು) ಇವೆ, ಫ್ಲ್ಯಾಶ್‌ಬಾಟ್ಸ್ ಪ್ರೊಟೆಕ್ಟ್ ಅಂಥದ್ದೊಂದು.

5% ಕೊಟ್ಟರೂ ಬೀಳುತ್ತಿದೆ ಅಂದರೆ ಆ ಟೋಕನ್ ಬಗ್ಗೆಯೇ ಅನುಮಾನ ಪಡಿ. ಕೆಲವು ಟೋಕನ್‌ಗಳ ಕೋಡ್‌ನಲ್ಲೇ ಪ್ರತಿ ವರ್ಗಾವಣೆಗೆ ಇಷ್ಟು ಪರ್ಸೆಂಟ್ ಕತ್ತರಿಸುವ ಏರ್ಪಾಡಿರುತ್ತದೆ, ಕತ್ತರಿಸಿದ್ದು ಮಾಡಿದವರ ಜೇಬಿಗೆ. ಅದನ್ನು ಮೀರಿದ ಸ್ಲಿಪೇಜ್ ಇಡದೆ ಸ್ವಾಪ್ ಆಗುವುದೇ ಇಲ್ಲ. ಇದಕ್ಕಿಂತ ಕೆಟ್ಟದ್ದು, ಕೊಳ್ಳಲು ಬಿಟ್ಟು ಮಾರಲು ಬಿಡದವು. 2021ರ ಅಕ್ಟೋಬರ್ ಕೊನೆಯಲ್ಲಿ ಕೊರಿಯಾದ ಒಂದು ಜನಪ್ರಿಯ ಧಾರಾವಾಹಿಯ ಹೆಸರಿಗೆ ಜೋತುಬಿದ್ದು ಸ್ಕ್ವಿಡ್ ಅನ್ನುವ ಟೋಕನ್ ಬಂತು. ಬೆಲೆ ಕೆಲವೇ ದಿನದಲ್ಲಿ ಸೆಂಟ್‌ಗಳಿಂದ ಎರಡು ಸಾವಿರ ಡಾಲರ್ ದಾಟಿತು, ಕೊಂಡವರಿಗೆ ಮಾತ್ರ ಮಾರಲು ಆಗಲಿಲ್ಲ. ನವೆಂಬರ್ 1ಕ್ಕೆ ಮಾಡಿದವರು ದುಡ್ಡು ಬಾಚಿಕೊಂಡು ಹೋದರು, ಬೆಲೆ ಸೊನ್ನೆಗೆ ಬಂತು. ಅಲ್ಲಿ ಸ್ವಾಪ್ ಫೇಲ್ ಆಗುತ್ತಿದ್ದುದು ಗ್ಯಾಸ್‌ನಿಂದಲೂ ಅಲ್ಲ, ಸ್ಲಿಪೇಜ್‌ನಿಂದಲೂ ಅಲ್ಲ. ನಿಮ್ಮ ಸಣ್ಣ ಟೋಕನ್‌ನ ಈಥರ್‌ಸ್ಕ್ಯಾನ್ ಪುಟದಲ್ಲಿ ಸಾಮಾನ್ಯ ವಿಳಾಸಗಳು ಅದನ್ನು ಕೊಳ್ಳುವ ಹಾಗೆ ಮಾರುತ್ತಲೂ ಇವೆಯೇ ನೋಡಿ. ಬರೀ ಕೊಳ್ಳುವುದೇ ಕಂಡರೆ ಆ ಆಸೆ ಬಿಡಿ.

ಎರಡನೆಯದು, ಹೆದರಿಸಿದ ಆ ಶುಲ್ಕ. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ, ಯಾಕೆಂದರೆ ಇದು ಯುಎಸ್‌ಡಿಟಿಯ ಒಂದು ಹಳೇ ಚಾಳಿ. ವಾಲೆಟ್ ಯಾವುದೇ ವ್ಯವಹಾರ ಕಳಿಸುವ ಮುಂಚೆ ಅದನ್ನು ಸುಮ್ಮನೆ ಒಮ್ಮೆ ಓಡಿಸಿ ನೋಡಿ ಗ್ಯಾಸ್ ಎಷ್ಟು ಬೇಕೆಂದು ಅಂದಾಜು ಮಾಡುತ್ತದೆ. ಆ ಪರೀಕ್ಷೆಯಲ್ಲೇ ಬಿದ್ದರೆ ಅಂದಾಜು ಸಿಗುವುದಿಲ್ಲ. ಆಗ ಕೆಲವು ವಾಲೆಟ್‌ಗಳು ಬಾಯಿಗೆ ಬಂದಷ್ಟು ದೊಡ್ಡ ಲಿಮಿಟ್ ಇಟ್ಟು ಅದರ ಮೇಲೆ ಶುಲ್ಕ ಲೆಕ್ಕ ಹಾಕುತ್ತವೆ. ಹಾಗಾಗಿ ಹುಚ್ಚುಹುಚ್ಚಾದ ಶುಲ್ಕ ಕಂಡರೆ ಜಾಲ ದುಬಾರಿಯಾಗಿದೆ ಅಂತ ಅರ್ಥವಲ್ಲ. ಈ ವ್ಯವಹಾರ ಖಂಡಿತ ಬೀಳುತ್ತದೆ ಅಂತ ಅರ್ಥ. 'ಆದರೂ ಮುಂದುವರಿಸು' ಅನ್ನುವ ಗುಂಡಿ ಅಲ್ಲಿರುತ್ತದೆ. ನೀವು ಅದನ್ನು ಒತ್ತದೆ ಬಿಟ್ಟಿದ್ದು ಒಳ್ಳೆಯದಾಯಿತು.

ಯಾಕೆ ಬೀಳುತ್ತಿತ್ತು? ಸ್ವಾಪ್ ಮಾಡುವ ಕಾಂಟ್ರ್ಯಾಕ್ಟ್ ನಿಮ್ಮ ಯುಎಸ್‌ಡಿಟಿಯನ್ನು ಮುಟ್ಟಬೇಕಾದರೆ ನೀವು ಮೊದಲು ಅನುಮತಿ ಕೊಡಬೇಕು, ಅದೇ ಅಪ್ರೂವಲ್. ಅದೊಂದು ಬೇರೆಯೇ ವ್ಯವಹಾರ, ಅದಕ್ಕೆ ಬೇರೆಯೇ ಗ್ಯಾಸ್. ನೀವು 100ಕ್ಕೆ ಕೊಟ್ಟ ಅನುಮತಿ ಸಫಲವಾಗಿದೆ. ಆಮೇಲೆ ಸ್ವಾಪ್ ರಿವರ್ಟ್ ಆದ್ದರಿಂದ ಆ ಅನುಮತಿ ಖರ್ಚಾಗದೆ 100ರಲ್ಲೇ ಉಳಿದಿದೆ. ಬೇರೆ ಬಹುತೇಕ ಟೋಕನ್‌ಗಳಲ್ಲಿ 100 ಅಳಿಸಿ 200 ಬರೆಯಬಹುದು. ಈಥೆರಿಯಂ ಮೇಲಿನ ಯುಎಸ್‌ಡಿಟಿಯಲ್ಲಿ ಆಗುವುದಿಲ್ಲ. ಅದರ ಕಾಂಟ್ರ್ಯಾಕ್ಟ್ 2017ರದು. ಅನುಮತಿ ಸೊನ್ನೆ ಅಲ್ಲದಿರುವಾಗ ಇನ್ನೊಂದು ಸೊನ್ನೆಯಲ್ಲದ ಸಂಖ್ಯೆ ಬರೆಯಲು ಅದು ಬಿಡುವುದಿಲ್ಲ. ಇದರ ಹಿಂದೆ ಕಾರಣವೂ ಇದೆ: 100ನ್ನು 200 ಮಾಡುವ ಹೊತ್ತಿಗೆ ಸರಿಯಾಗಿ, ಅನುಮತಿ ಪಡೆದವನು ಹಳೇ 100ನ್ನೂ ಎಳೆದುಕೊಂಡು ಆಮೇಲೆ ಹೊಸ 200ನ್ನೂ ಎಳೆಯಬಹುದು. ಅದನ್ನು ತಡೆಯಲು ಮೊದಲು ಸೊನ್ನೆ ಮಾಡು, ಆಮೇಲೆ ಹೊಸದು ಬರೆ ಅನ್ನುವ ನಿಯಮ. ಚೆನ್ನಾಗಿ ಬರೆದ ಸ್ವಾಪ್ ತಾಣಗಳು ಇದನ್ನು ತಾವೇ ಎರಡು ಹೆಜ್ಜೆಯಲ್ಲಿ ಮಾಡಿಸುತ್ತವೆ. ನೀವು ಬಳಸಿದ್ದು ಮಾಡಿಸಿಲ್ಲ.

ಆದ್ದರಿಂದ 200 ಬೇಕೇಬೇಕಿದ್ದರೆ ಅದೇ ಕಾಂಟ್ರ್ಯಾಕ್ಟ್‌ಗೆ ಕೊಟ್ಟ ಅನುಮತಿಯನ್ನು ಸೊನ್ನೆ ಮಾಡಿ (ಈಥರ್‌ಸ್ಕ್ಯಾನ್‌ನ ಟೋಕನ್ ಅಪ್ರೂವಲ್ ಪುಟದಲ್ಲೇ 'ರಿವೋಕ್' ಇದೆ, ಅದಕ್ಕೂ ಗ್ಯಾಸ್ ಬೀಳುತ್ತದೆ), ಆಮೇಲೆ 200 ಬರೆಯಿರಿ. ಈ ರಗಳೆ ಬೇಡವೆಂದು ಹಲವರು ಮಿತಿಯಿಲ್ಲದ ಅನುಮತಿ ಕೊಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದು ಸೋಮಾರಿತನದ ದುಬಾರಿ ರೂಪ. ಆ ಕಾಂಟ್ರ್ಯಾಕ್ಟ್‌ನಲ್ಲಿ ನಾಳೆ ತೂತು ಕಂಡರೆ ನಿಮ್ಮ ವಾಲೆಟ್‌ನಲ್ಲಿರುವ ಯುಎಸ್‌ಡಿಟಿ ಪೂರ್ತಿ ಅದರ ಕೈಯಲ್ಲಿರುತ್ತದೆ. ಅನುಮತಿ ಸಾಲದೆ ಸ್ವಾಪ್ ಬಿದ್ದಾಗ 'ಟ್ರಾನ್ಸ್‌ಫರ್ ಫ್ರಮ್ ಫೇಲ್ಡ್' ಅಂತಲೋ, ಬರೀ 'ಎಸ್‌ಟಿಎಫ್' ಅಂತ ಮೂರಕ್ಷರವೋ ಕಾಣುತ್ತದೆ. ಅಂಥದ್ದು ಕಂಡಾಗ ಅನುಮತಿಯನ್ನೂ ಬ್ಯಾಲೆನ್ಸನ್ನೂ ನೋಡಿ, ಸ್ಲಿಪೇಜ್ ಮುಟ್ಟಲು ಹೋಗಬೇಡಿ.

ಮೂರನೆಯದು, ರಾತ್ರಿಯಿಂದ ಕೂತಿರುವ ಪೆಂಡಿಂಗ್. ಇದರಲ್ಲಿ ಎಲ್ಲರೂ ಹೇಳುವ ಸಲಹೆ 'ಸ್ಪೀಡ್ ಅಪ್ ಒತ್ತಿ' ಅನ್ನುವುದು. ನಿಮ್ಮ ವಿಷಯದಲ್ಲಿ ಅದು ತಪ್ಪು ಸಲಹೆ. ಸ್ವಾಪ್‌ಗೆ ಒಂದು ಗಡುವು ಇರುತ್ತದೆ, ಸಾಮಾನ್ಯವಾಗಿ 20-30 ನಿಮಿಷ. ಅಷ್ಟರೊಳಗೆ ಬ್ಲಾಕ್ ಸೇರದಿದ್ದರೆ ಆ ಸ್ವಾಪ್ ಸತ್ತಂತೆ. ನೀವು ಈಗ ದರ ಏರಿಸಿ ಮುಂದೆ ತಳ್ಳಿದರೆ ಅದು ಬ್ಲಾಕ್ ಸೇರುತ್ತದೆ, 'ಎಕ್ಸ್‌ಪೈರ್ಡ್' ಎಂದು ಬೀಳುತ್ತದೆ, ಗ್ಯಾಸ್ ಮತ್ತೆ ಹೋಗುತ್ತದೆ. ಅಕಸ್ಮಾತ್ ಗಡುವನ್ನು ನೀವು ದಿನಗಟ್ಟಲೆ ಇಟ್ಟಿದ್ದರೆ ಇನ್ನೂ ಕೆಟ್ಟದ್ದು, ಆ 15% ಸ್ಲಿಪೇಜ್ ಜೀವಂತವಾಗಿದೆ ಅಂತಾಯಿತು. ಹೇಗೂ ಒತ್ತಬೇಕಾದ್ದು 'ಕ್ಯಾನ್ಸಲ್'.

ಕ್ಯಾನ್ಸಲ್ ಅಂದರೆ ಹಳೆಯದನ್ನು ಜಾಲದಿಂದ ವಾಪಸ್ ಕರೆಸುವುದಲ್ಲ, ಹಾಗೆ ಕರೆಸುವ ದಾರಿಯೇ ಇಲ್ಲ. ಅದೇ ನಾನ್ಸ್ ಹಾಕಿ, ಹೆಚ್ಚಿನ ದರ ಕೊಟ್ಟು, ನಿಮಗೆ ನೀವೇ ಸೊನ್ನೆ ಈಥರ್ ಕಳಿಸಿಕೊಳ್ಳುವ ಇನ್ನೊಂದು ವ್ಯವಹಾರ. ಒಂದು ನಾನ್ಸ್‌ಗೆ ಒಂದೇ ವ್ಯವಹಾರಕ್ಕೆ ಜಾಗ. ಹೊಸದು ಮೊದಲು ಸೇರಿದರೆ ಹಳೆಯದು ತಾನಾಗಿ ಹೊರಬೀಳುತ್ತದೆ. ಹೊಸ ದರ ಹಳೆಯದಕ್ಕಿಂತ ಕನಿಷ್ಠ 10% ಹೆಚ್ಚಿರದಿದ್ದರೆ ನೋಡ್‌ಗಳು (ಜಾಲ ನಡೆಸುವ ಕಂಪ್ಯೂಟರ್‌ಗಳು) ಅದನ್ನು ಮೂಸಿಯೂ ನೋಡುವುದಿಲ್ಲ. ಆ 10% ಸೇರಿಸಿದರೂ ಈಗಿನ ಬೇಸ್ ಫೀಗಿಂತ ಕೆಳಗೇ ಇದ್ದರೆ ಪ್ರಯೋಜನವಿಲ್ಲ. 2021ರ ಆಗಸ್ಟ್‌ನ ಲಂಡನ್ ಅಪ್‌ಗ್ರೇಡ್ ನಂತರ ಪ್ರತಿ ಬ್ಲಾಕ್‌ಗೂ ಒಂದು ಕಡ್ಡಾಯ ಬೇಸ್ ಫೀ ಇದೆ, ಬ್ಲಾಕ್‌ನಿಂದ ಬ್ಲಾಕ್‌ಗೆ ಅದು 12.5% ತನಕ ಏರಬಹುದು, ಇಳಿಯಬಹುದು. ನೀವು ಇಟ್ಟ ಗರಿಷ್ಠ ದರ ಅದಕ್ಕಿಂತ ಕಡಿಮೆ ಆಗಿದ್ದಕ್ಕೇ ಸ್ವಾಪ್ ಹೊರಗೆ ನಿಂತಿದೆ. ಕ್ಯಾನ್ಸಲ್‌ಗೆ 21,000 ಗ್ಯಾಸ್ ಸಾಕು. 10 ಗ್ವೇ ದರದಲ್ಲಿ 0.00021 ಈಥರ್. ಇದು ಆಗುವ ತನಕ ನೀವು ಹಾಕುವ ಬೇರೆ ಎಲ್ಲ ವ್ಯವಹಾರವೂ ಇದರ ಹಿಂದೆಯೇ ನಿಲ್ಲುತ್ತದೆ, ಯಾಕೆಂದರೆ ನಾನ್ಸ್ 41 ಆಗದೆ 42 ಆಗುವುದಿಲ್ಲ. ಎಷ್ಟು ಸಲ ಹೊಸದಾಗಿ ಸ್ವಾಪ್ ಹಾಕಿದರೂ ಪೆಂಡಿಂಗ್ ಸಾಲು ಉದ್ದವಾಗುತ್ತದೆ ಅಷ್ಟೆ. ಆದ್ದರಿಂದ ಅಪ್ರೂವಲ್ ಸರಿಪಡಿಸುವ ಕೆಲಸಕ್ಕೂ ಮುಂಚೆ ಇದನ್ನು ಮುಗಿಸಿ.

ನಿಮ್ಮ ವಿಷಯದಲ್ಲಿ ಇಲ್ಲದಿದ್ದರೂ, ಇಂಥ ಪ್ರಶ್ನೆ ಇರುವ ಬೇರೆಯವರಿಗಾಗಿ ಎರಡು ಮಾತು. ಬಳಸಿದ ಗ್ಯಾಸ್ ಲಿಮಿಟ್‌ಗೆ ಸಮ ಅಥವಾ ತೀರ ಹತ್ತಿರ ಇದ್ದು 'ಔಟ್ ಆಫ್ ಗ್ಯಾಸ್' ಅಂತ ಕಂಡರೆ, ಲಿಮಿಟನ್ನು ಕೈಯಾರೆ ಇಳಿಸಿದ್ದೇ ತಪ್ಪು. ಉಳಿತಾಯ ಮಾಡಬೇಕಾದ್ದು ದರದಲ್ಲಿ, ಲಿಮಿಟ್‌ನಲ್ಲಲ್ಲ. ವಾಲೆಟ್‌ನಲ್ಲಿ ಸಾವಿರ ಡಾಲರ್ ಯುಎಸ್‌ಡಿಟಿ ಇದ್ದರೂ ಆ ಜಾಲದ ಸ್ವಂತ ನಾಣ್ಯ ಇಲ್ಲದಿದ್ದರೆ ಸಾಮಾನ್ಯ ವಾಲೆಟ್‌ನಲ್ಲಿ ಏನೂ ಅಲ್ಲಾಡುವುದಿಲ್ಲ: ಈಥೆರಿಯಂಗೆ ಈಥರ್, ಪಾಲಿಗಾನ್‌ಗೆ ಪಿಒಎಲ್, ಬಿಎನ್‌ಬಿ ಚೈನ್‌ಗೆ ಬಿಎನ್‌ಬಿ. ಸೊಲಾನಾದಲ್ಲಿ ರಾತ್ರಿಯಿಡೀ ಪೆಂಡಿಂಗ್ ಅನ್ನುವುದೇ ಇಲ್ಲ; ವ್ಯವಹಾರದಲ್ಲಿ ಬರೆದ ಬ್ಲಾಕ್‌ಹ್ಯಾಶ್ (ಇತ್ತೀಚಿನ ಒಂದು ಬ್ಲಾಕ್‌ನ ಗುರುತು) 150 ಬ್ಲಾಕ್ ಕಳೆದರೆ, ಅಂದರೆ ಒಂದು ನಿಮಿಷದ ಆಸುಪಾಸಿನಲ್ಲಿ, ಅಸಿಂಧು ಆಗುತ್ತದೆ. ಆಮೇಲೆ ಹೊಸದಾಗಿ ಹಾಕಿದರೆ ಸಾಕು. ಇನ್ನು ಒಂದು ಜಾಲದಿಂದ ಇನ್ನೊಂದು ಜಾಲಕ್ಕೆ ಮಾಡುವ ಸ್ವಾಪ್‌ಗೆ ಮೇಲೆ ಹೇಳಿದ 'ಪೂರ್ತಿ ಅಥವಾ ಏನೂ ಇಲ್ಲ' ಅನ್ನುವ ಭರವಸೆ ಅನ್ವಯಿಸುವುದಿಲ್ಲ. ಅದು ಎರಡು ತುಂಡಿನ ಕೆಲಸ, ಈಚೆ ಕಡೆ ಮುಗಿದು ಆಚೆ ಕಡೆ ನಿಂತಿರಬಹುದು. ಅಲ್ಲಿ ಮೊದಲ ತುಂಡಿನ ಹ್ಯಾಶ್ (ವ್ಯವಹಾರದ ಗುರುತಿನ ಸಂಖ್ಯೆ) ಇಟ್ಟುಕೊಂಡು, ಎರಡು ಜಾಲ ಜೋಡಿಸುವ ಬ್ರಿಡ್ಜ್‌ನ ಸ್ವಂತ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಬೇಕು.

ಆ ಲಿಂಕ್ ವಿಷಯಕ್ಕೆ ಇನ್ನೊಂದು ಮಾತು, ನನಗೆ ಬರೆಯುವ ಮುಂಚೆಯೇ ನೀವು ಅದನ್ನು ಒತ್ತಿದ್ದರೆ ಅಂತ. ಬರೀ ಅಪ್ರೂವಲ್‌ಗೆ ಸಹಿ ಹಾಕಿದ್ದರೆ ರಿವೋಕ್ ಮಾಡಿದರೆ ಸಾಕಾಗಬಹುದು, ಈ ಕ್ಷಣವೇ ಮಾಡಿ. ಫ್ರೇಸ್ ಟೈಪ್ ಮಾಡಿದ್ದರೆ ಪಾಸ್‌ವರ್ಡ್ ಬದಲಿಸಿ ಉಪಯೋಗವಿಲ್ಲ; ಪಾಸ್‌ವರ್ಡ್ ನಿಮ್ಮ ಫೋನಿನ ಬೀಗ ಮಾತ್ರ, ಫ್ರೇಸ್ ಗೊತ್ತಿದ್ದವನಿಗೆ ಅದು ಬೇಡ. ಹೊಸ ಫ್ರೇಸ್‌ನ ಹೊಸ ವಾಲೆಟ್ ಮಾಡಿ, ಉಳಿದಿರುವುದನ್ನು ಹೆಚ್ಚು ಬೆಲೆಯದರಿಂದ ಶುರುಮಾಡಿ ಅಲ್ಲಿಗೆ ಸಾಗಿಸಿ. ಹಳೇ ವಿಳಾಸಕ್ಕೆ ಗ್ಯಾಸ್‌ಗೆಂದು ಈಥರ್ ಹಾಕುವಾಗ ಎಚ್ಚರ, ಬಿದ್ದ ತಕ್ಷಣ ಎಳೆದುಕೊಳ್ಳುವ ಬಾಟ್ ಕೂರಿಸಿರುತ್ತಾರೆ. ದುಡ್ಡು ಹೋಗಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ, ವ್ಯವಹಾರದ ಹ್ಯಾಶ್‌ಗಳನ್ನೂ ಆ ಟೆಲಿಗ್ರಾಂ ಸಂಭಾಷಣೆಯ ಸ್ಕ್ರೀನ್‌ಶಾಟ್‌ಗಳನ್ನೂ ಜೊತೆಗಿಡಿ. ಕಳೆದದ್ದನ್ನು ವಾಪಸ್ ತರಿಸಿಕೊಡುತ್ತೇವೆ ಅಂತ ಆಮೇಲೆ ಬರುವವರು ಅದೇ ಕಸುಬಿನ ಎರಡನೇ ತಂಡ.

ಕೊನೆಗೆ ತೆರಿಗೆ, ಇದನ್ನು ನೀವು ಕೇಳಿಲ್ಲ, ಆದರೂ. ಫೇಲ್ ಆದ ಸ್ವಾಪ್‌ನಲ್ಲಿ ಯುಎಸ್‌ಡಿಟಿ ಕೈ ಬದಲಾಗಿಲ್ಲ, ಹಾಗಾಗಿ ಅಲ್ಲಿ ಲಾಭದ ಪ್ರಶ್ನೆಯೇ ಏಳುವುದಿಲ್ಲ. ಸಫಲವಾದರೆ ಹಾಗಲ್ಲ. ನಮ್ಮಲ್ಲಿ 2022ರ ಏಪ್ರಿಲ್ 1ರಿಂದ ಇರುವ ನಿಯಮದಲ್ಲಿ ಒಂದು ಕ್ರಿಪ್ಟೊ ಕೊಟ್ಟು ಇನ್ನೊಂದು ತೆಗೆದುಕೊಳ್ಳುವುದೂ ವರ್ಗಾವಣೆಯೇ, ರೂಪಾಯಿ ಕಣ್ಣಿಗೆ ಬೀಳದಿದ್ದರೂ ಲಾಭ ಬಂದರೆ 30% ತೆರಿಗೆ, ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯಲು ಬಿಡುವುದಿಲ್ಲ, ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸಲೂ ಬಿಡುವುದಿಲ್ಲ. ಫೇಲ್ ಆದ ಸ್ವಾಪ್‌ಗೆ ಸುಟ್ಟ ಗ್ಯಾಸ್ ನಿಮ್ಮ ಕೈಯಿಂದಲೇ ಹೋಯಿತು ಅಂದುಕೊಳ್ಳಿ. ಸಫಲವಾದದ್ದರ ಗ್ಯಾಸ್ ಅನ್ನು ಕೊಂಡ ಬೆಲೆಗೆ ಸೇರಿಸಬಹುದೇ ಅಂತ ನಿಮ್ಮ ಸಿಎ ಹತ್ತಿರ ಕೇಳಿ. ಹೋಗುವಾಗ ಈಥರ್‌ಸ್ಕ್ಯಾನ್‌ನಲ್ಲಿ ನಿಮ್ಮ ವಿಳಾಸದ ಪುಟದಿಂದ ಸಿಎಸ್‌ವಿ ಫೈಲ್ ಇಳಿಸಿಕೊಂಡು ಹೋಗಿ, ಫೇಲ್ ಆದವೂ ಅದರಲ್ಲಿ ಗುರುತಾಗಿರುತ್ತವೆ.